ಹುಣಸೆ ಕೋಣೆಯ ಘಾಟು

ಮೆಣಸಿನಕಾಯಿ ಗೋದಾಮಿನಲ್ಲಿ ಕಣ್ಣು ಉರಿದರೆ ಯಾರೂ ಕಾರಣ ಕೇಳುವುದಿಲ್ಲ. ತಲೆ ನೋವು ಬಂದರೂ ಕೇಳುವುದಿಲ್ಲ. ಘಾಟು ಹತ್ತಿತು ಎನ್ನುತ್ತಾರೆ, ಹೊರಗೆ ಬಂದು ಮುಖಕ್ಕೆ ನೀರು ಹಾಕಿಕೊಳ್ಳುತ್ತಾರೆ, ಮಜ್ಜಿಗೆ ಇದ್ದರೆ ಕುಡಿಯುತ್ತಾರೆ, ಸೆರಗನ್ನೋ ಟವೆಲನ್ನೋ ಮೂಗಿಗೆ ಬಿಗಿದುಕೊಂಡು ಮತ್ತೆ ಒಳಗೆ ಹೋಗುತ್ತಾರೆ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಬದಿಯಲ್ಲಿರುವ ಒಂದು ಕೋಲ್ಡ್ ಸ್ಟೋರೇಜಿಗೆ ನಾನು ಮ್ಯಾನೇಜರ್ ಆಗಿ ಬಂದಾಗ ಮೊದಲು ಕಲಿತದ್ದು ಇದನ್ನೇ. ನನ್ನ ಮೇಜಿನ ಖಾನೆಯಲ್ಲಿ ತಲೆನೋವಿನ ಮಾತ್ರೆಗಳ ಒಂದು ಡಬ್ಬಿ ಇಡುತ್ತಿದ್ದೆ. ಅದು ಬೇಗ ಖಾಲಿಯಾಗುತ್ತಿತ್ತು, ಮತ್ತೆ ತುಂಬಿಸುತ್ತಿದ್ದೆ. ಅದೂ ಕೆಲಸದ ಒಂದು ಭಾಗವೇ ಆಗಿತ್ತು.

ಅಲ್ಲಿ ಕಲಿತ ಎರಡನೆಯ ಪಾಠ ಬಾಗಿಲಿನದು. ಒಣಮೆಣಸಿನಕಾಯಿಯನ್ನು ತಣ್ಣಗಿಟ್ಟರೆ ವರ್ಷ ಕಳೆದರೂ ಬಣ್ಣ ಮಾಸುವುದಿಲ್ಲ, ಹುಳ ಬೀಳುವುದಿಲ್ಲ. ಆದರೆ ಹೊರಗಿನ ಬೆಚ್ಚನೆಯ ಗಾಳಿ ಒಳಗೆ ನುಗ್ಗಿದರೆ ತಣ್ಣನೆಯ ಚೀಲದ ಮೇಲೆ ನೀರು ಕೂಡುತ್ತದೆ, ನೀರು ಕೂಡಿದಲ್ಲಿ ಬೂಷ್ಟು ಬರುತ್ತದೆ. ಹೀಗಾಗಿ ನಮ್ಮಲ್ಲಿ ದಿನವಿಡೀ ಕೇಳುವ ಮಾತು 'ಬಾಗಲಾ ಹಾಕ್ರಿ' ಎಂಬುದು. ದಪ್ಪ ಬಾಗಿಲು, ಅದರ ಒಳಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ. ಅದು ಗಾಳಿ ಹೊರಗೆ ಹೋಗದಂತೆ ಕಟ್ಟಿದ ಕಟ್ಟಡ, ಅದರ ಮಟ್ಟಿಗೆ ಚೆನ್ನಾಗಿಯೇ ಕಟ್ಟಿದ್ದರು.

ಚೀಲಗಳನ್ನು ಮರದ ಹಲಗೆಗಳ ಮೇಲೆ ಒಟ್ಟಿ, ಹಲಗೆ ಸಮೇತ ಎತ್ತಿ ಮಾಳಿಗೆಯೆತ್ತರಕ್ಕೆ ಇಡಲು ಫೋರ್ಕ್‌ಲಿಫ್ಟ್ ಬೇಕು. ಮೊದಲು ನಮ್ಮಲ್ಲಿ ಹಳೆಯ ಡೀಸೆಲ್ ಗಾಡಿ ಇತ್ತು. ಅದು ಕಪ್ಪು ಹೊಗೆ ಕಾರುತ್ತಿತ್ತು. ಒಮ್ಮೆ ದೂರದ ಊರಿನ ಖರೀದಿದಾರನೊಬ್ಬ ಚೀಲದ ಬಾಯಿ ಬಿಚ್ಚಿ, ಹಿಡಿ ಕಾಯಿ ಮೂಸಿ ನೋಡಿ, ಇದು ಮೆಣಸಿನಕಾಯಿಯ ವಾಸನೆಯಲ್ಲ, ಲಾರಿಯ ವಾಸನೆ ಎಂದು ಮಾಲನ್ನೆಲ್ಲ ಬಿಟ್ಟು ಹೋದ. ನಮ್ಮ ಮಾಲೀಕರಿಗೆ ಅದು ಬಹಳ ಹತ್ತಿತು. ಅವರು ತಾವೇ ಓಡಾಡಿ, ಅಡುಗೆ ಮನೆಯಲ್ಲಿ ಉರಿಯುವಂಥದೇ ಗ್ಯಾಸಿನ ಮೇಲೆ ಓಡುವ ಗಾಡಿಯೊಂದನ್ನು ತಂದರು. ಬಳಸಿದ ಗಾಡಿ, ಆದರೆ ಬಣ್ಣ ಹೊಸದು. ಅದಕ್ಕೆ ಹೊಗೆಯೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಹೂವಿನ ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಒಳಗೆ ಕರೆದುಕೊಂಡೆವು. ಎಲ್ಲರೂ ಖುಷಿಪಟ್ಟೆವು. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಆ ಗಾಡಿ ಬಂದದ್ದು ಒಳ್ಳೆಯ ಉದ್ದೇಶದಿಂದಲೇ.

ಗಾಡಿಯ ಚಾಲಕ ಇಳಕಲ್ಲಿನವನು. ಅಲ್ಲಿಯ ಗ್ರಾನೈಟ್ ಕಾರ್ಖಾನೆಗಳಲ್ಲಿ ಕೆಂಪು ಕಲ್ಲಿನ ಹಲಗೆಗಳನ್ನು ಎತ್ತಿ ಪಳಗಿದ ಕೈ. ಅಲ್ಲಿಯ ಒಂದು ರೂಢಿ ಅವನ ಜೊತೆ ಬಂದಿತ್ತು. ಕೆಲಸದ ನಡುವೆ ಎಂಜಿನ್ ಆರಿಸುತ್ತಿರಲಿಲ್ಲ. ಕಲ್ಲಿನ ಅಂಗಳದ ಹಳೆಯ ಗಾಡಿಗಳು ಒಮ್ಮೆ ಆರಿದರೆ ಮತ್ತೆ ಹೊತ್ತಿಕೊಳ್ಳಲು ಜೀವ ತಿನ್ನುತ್ತವೆ. ಹಾಗಾಗಿ ಹೆಂಗಸರು ಚೀಲ ಸರಿಪಡಿಸುವವರೆಗೂ ಆತ ಎಂಜಿನ್ ಚಾಲೂ ಇಟ್ಟುಕೊಂಡೇ ಕಾಯುತ್ತಿದ್ದ. ಬಯಲಿನಲ್ಲಿ ಅದು ಜಾಣತನ. ಯಾರೂ ಬೇಡವೆನ್ನಲಿಲ್ಲ.

ಚೀಲ ಒಟ್ಟುವ ಹೆಂಗಸರು ಗುಡೂರ ಕಡೆಯಿಂದ ಟಂಟಂ ಆಟೋದಲ್ಲಿ ಬರುತ್ತಿದ್ದರು. ಅವರ ಗುಂಪಿಗೆ ಒಬ್ಬ ಹಿರಿಯಾಕೆ ಇದ್ದಳು. ಯಾರು ಎಲ್ಲಿ ನಿಲ್ಲಬೇಕು, ಎಷ್ಟು ಎತ್ತಬೇಕು, ಯಾವಾಗ ಚಹಾ ಎಂಬುದೆಲ್ಲ ಆಕೆಯದೇ ಮಾತು. ಆಕೆ ಚಾಲಕನನ್ನು ತಮ್ಮಾ ಎನ್ನುತ್ತಿದ್ದಳು, ಆತ ಆಕೆಯನ್ನು ಯಕ್ಕಾ ಎನ್ನುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಾಡದ ದಿನವಿರಲಿಲ್ಲ.

ದಸರೆ ಮುಗಿದ ಮೇಲಿನ ಒಂದು ಮಧ್ಯಾಹ್ನ ನಡೆದದ್ದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಕೊನೆಯ ಕೋಣೆಯಲ್ಲಿ ಮಾಲು ಹಿಂದೆ ಮುಂದೆ ಮಾಡುವುದಿತ್ತು. ಊಟ ಮುಗಿಸಿ ಎಲ್ಲರೂ ಒಳಗೆ ಹೋಗಿದ್ದರು. ನಾನು ಉಷ್ಣತೆ ನೋಡಲು ಹೋದೆ. ಬಾಗಿಲು ತೆರೆದು ಪರದೆ ಸರಿಸಿದಾಗ ಗಾಡಿಯ ಎಂಜಿನ್ ಸದ್ದು ಮಾಡುತ್ತಿತ್ತು, ಫೋರ್ಕಿನ ಮೇಲೆ ಒಂದು ಹಲಗೆ ಅರ್ಧ ಎತ್ತರದಲ್ಲಿ ನಿಂತಿತ್ತು. ಚಾಲಕ ಸೀಟಿನಲ್ಲಿ ಕೂತು ತಲೆಯನ್ನು ಪಕ್ಕದ ಕಂಬಕ್ಕೆ ಆನಿಸಿದ್ದ. ಊಟದ ಜೋಂಪು ಎಂದುಕೊಂಡೆ. ಹಿರಿಯಾಕೆ ಒಂದು ಚೀಲದ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದಳು. ಆಕೆ ಕೆಲಸದ ಹೊತ್ತಿನಲ್ಲಿ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಅನುಮಾನ ಬಂದದ್ದು ಅದರಿಂದ, ಚಾಲಕನಿಂದಲ್ಲ.

ಅವನನ್ನು ಕೂಗಿದೆ. ಓಗೊಡಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ, ತಲೆ ಇನ್ನೊಂದು ಬದಿಗೆ ಬಿತ್ತು. ಮೊದಲು ಎಂಜಿನ್ ಆರಿಸಿದೆನೋ, ಮೊದಲು ಅವನನ್ನು ಕೆಳಗೆಳೆದೆನೋ ಎಂಬುದು ಈಗಲೂ ನನಗೆ ಖಚಿತವಿಲ್ಲ. ಆಮೇಲೆ ಬಹಳ ಜನ ಕೇಳಿದ್ದಾರೆ, ಪ್ರತಿ ಸಲವೂ ಗೊತ್ತಿಲ್ಲ ಎಂದೇ ಹೇಳಿದ್ದೇನೆ. ಹೆಂಗಸರಿಗೆ ಹೊರಗೆ ನಡೆಯಿರಿ ಎಂದು ಕೂಗಿದ್ದು ನೆನಪಿದೆ. ಅವರಲ್ಲಿ ಇಬ್ಬರು ಗೋಡೆ ಹಿಡಿದುಕೊಂಡು ನಡೆದರು. ಬಿಸಿಲಿಗೆ ತಂದು ಮಲಗಿಸಿದ ಮೇಲೆ ಚಾಲಕ ವಾಂತಿ ಮಾಡಿಕೊಂಡ. ಯಾರೋ ಉಳ್ಳಾಗಡ್ಡಿ ಒಡೆದು ಅವನ ಮೂಗಿಗೆ ಹಿಡಿದರು. 'ಘಾಟ ಭಾಳ ಹತ್ತೇತಿ' ಎಂದರು. ನಾನೂ ಹೌದೆಂದು ತಲೆಯಾಡಿಸಿದೆ.

ಹೆಂಗಸರು ಹೊರಗಿನ ಗಾಳಿಗೆ ಚೇತರಿಸಿಕೊಂಡರು. ಚಾಲಕನಿಗೆ ಹುನಗುಂದದ ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ, ಆಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಕಳಿಸಿದರು. ನಾನು ಜೊತೆಗೆ ಹೋದೆ. ಅಲ್ಲಿಯ ವೈದ್ಯರು ನಡುವಯಸ್ಸಿನವರು, ನಿಧಾನ ಮಾತಿನವರು. ಅವನ ಬೆರಳಿಗೆ ಸಿಕ್ಕಿಸಿದ್ದ ಸಣ್ಣ ಯಂತ್ರ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಯಿತು, ಅವರಿಗೆ ಆಗಲಿಲ್ಲ. ಏನಾಯಿತೆಂದು ಕೇಳಿದರು. ಮೆಣಸಿನಕಾಯಿ ಘಾಟು ಹತ್ತಿತು ಎಂದೆ.

"ಆ ಖೋಲ್ಯಾಗ ಮೆಣಸಿನಕಾಯಿ ಎಷ್ಟಿದ್ದವ್ರಿ?" ಎಂದು ಕೇಳಿದರು.

ಕೊನೆಯ ಕೋಣೆ ನನ್ನ ಕಣ್ಣ ಮುಂದೆ ಬಂತು. ಕಂದು ಬಣ್ಣದ ಅಂಟು ಚೀಲಗಳು, ನೆಲದ ಮೇಲೆ ಬಿದ್ದ ನಾರು.

"ಮೆಣಸಿನಕಾಯಿ ಇರಲಿಲ್ರಿ," ಎಂದೆ. "ಅದರಾಗ ಹುಣಸಿಹಣ್ಣು ಅಷ್ಟೇ ಇಟ್ಟೇವಿ."

"ಹಂಗಾದ್ರ ಘಾಟ ಎಲ್ಲಿಂದ ಬಂತ್ರಿ?"

ಬಾಗಿಲು ಹಾಕಿದ ಕೋಣೆಯಲ್ಲಿ ಗಾಡಿಯ ಎಂಜಿನ್ ಓಡುತ್ತಿತ್ತೆಂದು ಆಗ ಹೇಳಿದೆ.

ರಕ್ತ ಪರೀಕ್ಷೆ ಮಾಡಿಸಿ ಅವರು ವಿವರಿಸಿದರು. ಯಾವ ಎಂಜಿನ್ನೇ ಆಗಲಿ, ಮುಚ್ಚಿದ ಜಾಗದಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣನ್ನೂ ಉರಿಸುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಬೆರಳಿನ ಯಂತ್ರಕ್ಕೆ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ನಿದ್ದೆಯಂಥದ್ದು. ಅವರು ಹೇಳುತ್ತಾ ಹೋದಂತೆ ನನಗೆ ನನ್ನ ಮೇಜಿನ ಖಾನೆಯ ಡಬ್ಬಿ ಕಾಣಿಸಿತು. ಗ್ಯಾಸ್ ಗಾಡಿ ಬಂದ ಮೇಲೆ ಅದು ಮೊದಲಿಗಿಂತ ಬೇಗ ಖಾಲಿಯಾಗುತ್ತಿತ್ತು. ಆ ಸಲದ ಕಾಯಿಗೆ ಖಾರ ಜಾಸ್ತಿ ಎಂದುಕೊಂಡಿದ್ದೆವು.

ಚಾಲಕ ಉಳಿದ. ಮೊದಲು ಈ ಮಾತು ಹೇಳಿಬಿಡಬೇಕು. ಎಚ್ಚರವಾದ ಮೇಲೆ ಆತ ಕೇಳಿದ್ದು, ಎತ್ತಿದ್ದ ಹಲಗೆ ಕೆಳಗಿಳಿಸಿದ್ದೀರಾ ಎಂದು. ಇಳಿಸಿದ್ದೇವೆ ಎಂದೆ. ನಿಜವಾಗಿ ಯಾರು ಇಳಿಸಿದರೋ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಿಡುವಾಗ ವೈದ್ಯರು ಒಂದು ಷರತ್ತು ಹಾಕಿದರು: ಕೆಲವು ವಾರ ವಿಶ್ರಾಂತಿ, ಆಮೇಲೆ ಕೆಲಸಕ್ಕೆ ಅಡ್ಡಿಯಿಲ್ಲ, ಆದರೆ ಮುಚ್ಚಿದ ಜಾಗದಲ್ಲಿ ಎಂಜಿನ್ ಓಡುವ ಕಡೆ ಈತ ಇನ್ನು ಕೂರುವಂತಿಲ್ಲ. ಕೋಲ್ಡ್ ಸ್ಟೋರೇಜಿನ ಚಾಲಕನಿಗೆ ಅದರ ಅರ್ಥ ಏನೆಂದು ವಿವರಿಸುವ ಅಗತ್ಯವಿರಲಿಲ್ಲ. ಗ್ಯಾಸ್ ಗಾಡಿ ಉಳಿದರೆ ಅವನು ಉಳಿಯುವುದಿಲ್ಲ.

ಅದೇ ದಿನ ವಾರ್ಡಿನಲ್ಲಿ, ಎಂಜಿನ್ನೇ ಇಲ್ಲದ ಬ್ಯಾಟರಿ ಗಾಡಿಯ ಮಾತೆತ್ತಿದವನು ನಾನು. ಆತ ಗೋಡೆಯ ಕಡೆ ನೋಡುತ್ತಾ ಹೇಳಿದ: "ಗ್ಯಾಸ್ ಗಾಡಿ ಇದ್ರ ನನ್ನ ಕೆಲಸ ಹೋತ್ರಿ. ಬ್ಯಾಟರಿ ಗಾಡಿ ತಂದ್ರ ಮಾನ ಹೋತು. ಕಲ್ಲ ಎತ್ತಿದಾಂವ ಆಟಿಗಿ ಸಾಮಾನ ನಡಸಾಕತ್ತಾನ ಅಂತಾರ."

ನಕ್ಕ. ನಕ್ಕದ್ದಕ್ಕೆ ತಲೆ ನೋವು ಬಂದು ಕಣ್ಣು ಮುಚ್ಚಿಕೊಂಡ.

ಮೆಣಸಿನಕಾಯಿಯ ಲಾರಿಗಳು ಸಂಕ್ರಾಂತಿ ಕಳೆದ ಮೇಲೆ ಬರಲು ಶುರುವಾಗುತ್ತವೆ. ಅಷ್ಟರೊಳಗೆ ಏನಾದರೂ ಒಂದು ತೀರ್ಮಾನವಾಗಬೇಕಿತ್ತು. ಮಾಲೀಕರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚನ್ನು ಕೇಳದೆಯೇ ಕಟ್ಟಿದರು, ದಿನವೂ ವಿಚಾರಿಸಿದರು. ಆದರೆ ತಾವೇ ಹುಡುಕಿ ತಂದ, ಹೊಗೆಯೇ ಇಲ್ಲದ ಗಾಡಿ ಇಂಥದ್ದು ಮಾಡೀತೆಂದು ಅವರ ಮನಸ್ಸು ಒಪ್ಪಲಿಲ್ಲ. ವೈದ್ಯರು ಹೇಳಿದ್ದು ಪುಸ್ತಕದ್ದು, ನಮ್ಮ ಗೋದಾಮು ಬೇರೆ ಎಂದರು. ನಾನು ವಾದಿಸಲಿಲ್ಲ. ಅಳೆದು ನೋಡೋಣ ಎಂದೆ.

ಬಾಗಲಕೋಟೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ಪರಿಚಯದವರಿಂದ ಆ ಅನಿಲವನ್ನು ಅಳೆಯುವ ಮೀಟರ್ ತಂದೆ. ಅಂಗೈಯಗಲದ್ದು, ಅಪಾಯದ ಮಟ್ಟ ಮುಟ್ಟಿದರೆ ಕೂಗುತ್ತದೆ. ಅದಕ್ಕೆ ಮೊದಲು ಮೆಕ್ಯಾನಿಕ್‌ನನ್ನು ಕರೆಸಿ ಗಾಡಿಯ ಗ್ಯಾಸ್ ಮತ್ತು ಗಾಳಿಯ ಪ್ರಮಾಣ ಸರಿಪಡಿಸಿದೆವು, ಫಿಲ್ಟರ್ ಬದಲಿಸಿದೆವು. ಗಾಡಿಗೆ ಅನ್ಯಾಯವಾಗಬಾರದಲ್ಲ. ಹುಣಸೆ ಕೋಣೆಯ ಬಾಗಿಲ ಸಮೀಪವೇ ಗಾಡಿ ನಿಲ್ಲಿಸಿ, ಬಾಗಿಲಿನ ಸಣ್ಣ ಗಾಜಿನಿಂದ ಕಾಣುವಂತೆ ಆಳೆತ್ತರದಲ್ಲಿ ಮೀಟರ್ ತೂಗುಹಾಕಿ, ಎಂಜಿನ್ ಚಾಲೂ ಮಾಡಿ, ಹೊರಗೆ ಬಂದು ಬಾಗಿಲು ಹಾಕಿದೆವು. ಮಾಲೀಕರು ಗಾಜಿಗೆ ಹಣೆ ಹಚ್ಚಿ ನಿಂತರು. ಸಂಖ್ಯೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಏರಿತು. ಏರುವುದು ನಿಲ್ಲಲಿಲ್ಲ. ತರಿಸಿದ ಚಹಾ ಇನ್ನೂ ಕುಡಿಯುವಷ್ಟು ಆರಿರಲಿಲ್ಲ, ಒಳಗೆ ಮೀಟರ್ ಕೂಗಲು ಶುರುಮಾಡಿತು. ದಪ್ಪ ಬಾಗಿಲಿನ ಈಚೆಗೆ ಆ ಸದ್ದು ಬಹಳ ಸಣ್ಣಗೆ ಕೇಳುತ್ತಿತ್ತು, ದೂರದಲ್ಲೆಲ್ಲೋ ಹಕ್ಕಿ ಕೂಗಿದ ಹಾಗೆ. ಬಾಗಿಲು ಪೂರ್ತಿ ತೆರೆದು, ಗಾಳಿಯಾಡುವವರೆಗೆ ಕಾದು, ಆಮೇಲೆ ಎಂಜಿನ್ ಆರಿಸಿದೆವು.

ಮಾಲೀಕರು ಅಲ್ಲೇ ಒಂದು ಹಲಗೆಯ ಮೇಲೆ ಕೂತರು. "ಇಷ್ಟ ದಿವಸ ನಾ ಮೆಣಸಿನಕಾಯಿನ್ನ ಬೈದೆ ನೋಡ್ರಿ," ಎಂದರು.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ಭಾವಿಸಿದ್ದೆ. ಆಗಲಿಲ್ಲ. ಗಾಡಿ ಬದಲಿಸುವುದಕ್ಕಿಂತ ಗಾಳಿ ಬದಲಿಸುವುದು ಸುಲಭ ಎಂದು ಅವರಿಗೆ ತೋರಿತು. ಗೋಡೆಯ ಮೇಲ್ಭಾಗದಲ್ಲಿ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿ ಹೊರಗೆ ಎಳೆದೆವು. ಮೀಟರಿನ ಸಂಖ್ಯೆ ನಿಧಾನವಾಗಿ ಇಳಿಯಿತು, ಆದರೆ ಅದರ ಜೊತೆ ತಂಪೂ ಹೊರಟುಹೋಯಿತು. ಕಂಪ್ರೆಸರ್‌ಗಳು ಬಿಡುವಿಲ್ಲದೆ ಓಡಿದರೂ ಉಷ್ಣತೆ ಏರುತ್ತಲೇ ಹೋಯಿತು. ಮರುದಿನ ಚೀಲಗಳ ಮೇಲೆ ಕೈಯಾಡಿಸಿದರೆ ಅಂಗೈ ಒದ್ದೆಯಾಗುತ್ತಿತ್ತು. ಬಾಗಿಲು ಹಾಕಿದರೆ ಜನಕ್ಕೆ ಅಪಾಯ, ತೆರೆದರೆ ಮಾಲಿಗೆ. ನಾವು ಆರಿಸಬೇಕಾದದ್ದು ಗಾಡಿಯನ್ನೇ ಎಂಬುದು ಆ ಒದ್ದೆ ಅಂಗೈ ನೋಡಿದಾಗ ನನಗೆ ಸ್ಪಷ್ಟವಾಯಿತು.

ಹುಬ್ಬಳ್ಳಿಯಿಂದ ಒಂದು ಕಂಪನಿಯ ತಂತ್ರಜ್ಞ ಬ್ಯಾಟರಿ ಗಾಡಿಯನ್ನು ಲಾರಿಯಲ್ಲಿ ಹೇರಿಕೊಂಡು ಪರೀಕ್ಷೆಗೆ ತಂದ. ತರುಣ, ಪ್ರಾಮಾಣಿಕ. ಗುಣಗಳ ಜೊತೆ ಕೊರತೆಗಳನ್ನೂ ಹೇಳಿದ. ಶೀತದಲ್ಲಿ ಬ್ಯಾಟರಿಯ ಕಸುವು ಕಡಿಮೆಯಾಗುತ್ತದೆ. ಚಾರ್ಜ್ ಮಾಡುವಾಗ ಬ್ಯಾಟರಿಯಿಂದ ಹೊತ್ತಿಕೊಳ್ಳುವಂಥ ಅನಿಲ ಬರುತ್ತದೆ, ಅದಕ್ಕೆ ಗಾಳಿಯಾಡುವ ಬೇರೆಯೇ ಕೋಣೆ ಬೇಕು. ಅರ್ಧಂಬರ್ಧ ಚಾರ್ಜ್ ಮಾಡುವ ಚಟ ಇಟ್ಟುಕೊಂಡರೆ ಬ್ಯಾಟರಿಯ ಆಯುಷ್ಯ ಕಡಿಮೆ. ಶುದ್ಧ ನೀರು ಹಾಕುತ್ತಿರಬೇಕು, ಬಾವಿ ನೀರಲ್ಲ. ಕರೆಂಟ್ ಹೋದರೆ ಏನು ಎಂದು ಮಾಲೀಕರು ಕೇಳಿದರು. ಕಂಪ್ರೆಸರ್‌ಗಳಿಗೆ ಇರುವ ಜನರೇಟರಿನಿಂದಲೇ ಚಾರ್ಜ್ ಮಾಡಬಹುದು ಎಂದ.

ಕೋಣೆಯ ಒಳಗೆ ಆ ಗಾಡಿ ಚೆನ್ನಾಗಿ ಓಡಿತು. ಸದ್ದಿಲ್ಲದೆ ತಿರುಗಿತು, ಹಲಗೆಗಳನ್ನು ಮೇಲಿಟ್ಟಿತು. ಹೆಂಗಸರು ಪರದೆಯಾಚೆ ನಿಂತು ನೋಡುತ್ತಿದ್ದರು. ಆಮೇಲೆ ಲಾರಿಯ ಮಾಲು ತರಲು ಅದನ್ನು ಅಂಗಳಕ್ಕೆ ಇಳಿಸಿದೆವು. ನಮ್ಮ ಅಂಗಳ ಗರಸಿನದು, ಸಣ್ಣ ಕಲ್ಲು ಬೆರೆತ ಮಣ್ಣಿನದು, ಹಿಂದಿನ ವಾರದ ಮಳೆಗೆ ಮೆತ್ತಗಾಗಿತ್ತು. ಅಂಗಳದಿಂದ ಬಾಗಿಲಿಗೆ ಬರಲು ಇಳಿಜಾರು ಹತ್ತಬೇಕು. ಭಾರ ಹೊತ್ತು ಗರಸಿನಲ್ಲಿ ಹೊರಳಾಡುತ್ತಲೇ ಬ್ಯಾಟರಿಯ ಮುಳ್ಳು ಇಳಿಯತೊಡಗಿತು. ಮಧ್ಯಾಹ್ನ ಇಳಿಜಾರಿನ ಅರ್ಧಕ್ಕೆ ಬಂದ ಗಾಡಿ ಅಲ್ಲೇ ನಿಂತಿತು. ಹಿಂದೆ ಲಾರಿ, ಮುಂದೆ ಬಾಗಿಲು, ನಡುವೆ ಇದು. ಕೊನೆಗೆ ಗ್ಯಾಸ್ ಗಾಡಿಯನ್ನೇ ತಂದು ಸರಪಳಿ ಕಟ್ಟಿ ಎಳೆಯಬೇಕಾಯಿತು. ಲಾರಿಯವರು ನಕ್ಕರು. ತಂತ್ರಜ್ಞ ನಗಲಿಲ್ಲ, ನಾನೂ ನಗಲಿಲ್ಲ.

ಮಾಲೀಕರು ಆ ಸಂಜೆ ಕಠಿಣವಾಗಿ ಮಾತಾಡಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಇದು ನಮ್ಮ ನೆಲಕ್ಕೆ ಆಗುವ ಗಾಡಿಯಲ್ಲ ಎಂದರು. ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಾಗ ಹೀಗಾದರೆ ರೈತರು ಬೇರೆ ಗೋದಾಮಿಗೆ ಹೋಗುತ್ತಾರೆ. ಅದು ಸುಳ್ಳಲ್ಲ. ಗ್ಯಾಸ್ ಗಾಡಿಯೇ ಇರಲಿ, ಹೆಂಗಸರು ಸರದಿಯ ಮೇಲೆ ಹೊರಗೆ ಬರುತ್ತಿರಲಿ, ಗಾಡಿಗೆ ಹೊಸ ಚಾಲಕನನ್ನು ನೋಡೋಣ ಎಂದರು. ಈ ಮಾತನ್ನು ಹೆಂಗಸರ ಹಿರಿಯಾಕೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಒಳಗೆ ಬಂದು ಸೆರಗು ಸರಿಮಾಡಿಕೊಂಡು ಹೇಳಿದಳು:

"ಸಾವ್ಕಾರ್ರ, ಆ ಗಾಡಿ ಒಳಗ ಬಂದ್ರ ನಾವು ಹೊರಗ. ಘಾಟ ಆಗಿದ್ರ ತಡಕೋತಿದ್ವಿ. ಕಾಣದ್ದು, ನಾರದ್ದು, ಅದನ್ನ ಹ್ಯಾಂಗ ತಡಕೋಳೂಣ ಹೇಳ್ರಿ?"

ಮಾಲೀಕರು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದರು. ಹೆಂಗಸರು ಮರುದಿನದಿಂದ ಬಾರದಿದ್ದರೆ ಮಾಡುವುದೇನೆಂದು ಅವರೂ ಯೋಚಿಸುತ್ತಿದ್ದಿರಬೇಕು.

ಆ ವಾರದ ಕೊನೆಗೆ ಚಾಲಕನನ್ನು ನೋಡಲು ಇಳಕಲ್ಲಿಗೆ ಹೋದೆ. ಹೊಸ ಚಾಲಕನ ವಿಷಯ ಅವನಿಗೆ ಯಾರೋ ಮುಟ್ಟಿಸಿದ್ದರು. ಅದರ ಮಾತೆತ್ತಲಿಲ್ಲ. ಮನೆಯಲ್ಲಿ ಕೂತು ಬೇಸರವಾಗಿದೆ, ಮೊದಲಿನ ಕಾರ್ಖಾನೆಯವರು ಬಾ ಎಂದರೆ ಹೋಗುತ್ತೇನೆ ಎಂದು ಮಾತ್ರ ಹೇಳಿದ. ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋದ. ಆಗ ಅಲ್ಲಿ ಅವನಿಗೆ ಜಾಗ ಖಾಲಿ ಇರಲಿಲ್ಲ. ಆತ ಹಳೆಯ ಗೆಳೆಯರ ಜೊತೆ ಮಾತಾಡುತ್ತಾ ನಿಂತಾಗ ನಾನು ಒಂದು ಬದಿಗೆ ನಿಂತು ಕೆಲಸ ನೋಡುತ್ತಿದ್ದೆ. ಅಂಗಳದಲ್ಲಿ ಡೀಸೆಲ್ ಲೋಡರ್ ದೊಡ್ಡ ಕಲ್ಲಿನ ಗುಂಡನ್ನು ಎತ್ತಿಕೊಂಡು ಬಂತು. ಶೆಡ್ಡಿನ ಬಾಯಿಯವರೆಗೆ ಬಂದು, ಕಲ್ಲನ್ನು ಒಂದು ಹಳಿಯ ಮೇಲಿನ ತಳ್ಳುಗಾಡಿಗೆ ಇಳಿಸಿ, ಹಿಂದೆ ಸರಿಯಿತು. ತಳ್ಳುಗಾಡಿಯನ್ನು ಕರೆಂಟಿನ ಮೋಟಾರು ಒಳಗೆ ಎಳೆದುಕೊಂಡಿತು. ಮತ್ತೊಂದು ಕಲ್ಲು ಬಂತು, ಹಾಗೆಯೇ ಆಯಿತು. ಒಳಗೆ ಕಲ್ಲು ಕೊಯ್ಯುವ ನೀರಿನ ಸದ್ದು ಇತ್ತು, ಎಂಜಿನ್ನಿನ ಸದ್ದಿರಲಿಲ್ಲ. ಲೋಡರ್ ಯಾಕೆ ಒಳಗೆ ಬರುವುದಿಲ್ಲವೆಂದು ಚಾಲಕನನ್ನು ಕೇಳಿದೆ.

"ಒಳಗ ಅದಕ್ಕೇನ ಕೆಲಸ್ರಿ?" ಎಂದ. ಎಷ್ಟು ಸಹಜವಾಗಿ ಹೇಳಿದನೆಂದರೆ, ಆ ಮಾತು ತನ್ನ ವಿಷಯವೂ ಹೌದೆಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ನಾವು ಇಡೀ ತಿಂಗಳು ಒಂದೇ ಗಾಡಿ ಹುಡುಕುತ್ತಿದ್ದೆವು. ಅಂಗಳದಿಂದ ಕೋಣೆಯ ಕೊನೆಯ ಗೋಡೆಯವರೆಗೆ ಎಲ್ಲ ಕೆಲಸವೂ ಅದರದೇ ಎಂದುಕೊಂಡಿದ್ದೆವು. ಗ್ಯಾಸ್ ಗಾಡಿ ಬಯಲಿನಲ್ಲಿ ಯಾರಿಗೂ ತೊಂದರೆ ಕೊಡುವುದಿಲ್ಲ, ಗರಸಿಗೂ ಇಳಿಜಾರಿಗೂ ಅದಕ್ಕೆ ಶಕ್ತಿಯಿದೆ. ಬ್ಯಾಟರಿ ಗಾಡಿಗೆ ನುಣುಪು ನೆಲವಿದ್ದರೆ ಸಾಕು, ಅದು ಸೋತದ್ದು ಗರಸಿನಲ್ಲಿ. ಬಾಗಿಲ ಮುಂದೆ ನಮಗೆ ಮೂರು ಬದಿ ತೆರೆದ, ಮಾಡು ಹೊದಿಸಿದ ಕಟ್ಟೆ ಇದೆ. ಹೊರಗಿನ ಗಾಡಿ ಮಾಲನ್ನು ಆ ಕಟ್ಟೆಯ ಮೇಲೆ ಇಳಿಸಬೇಕು, ಒಳಗಿನ ಗಾಡಿ ಅಲ್ಲಿಂದ ಎತ್ತಿಕೊಳ್ಳಬೇಕು. ಇಳಿಜಾರು ಹತ್ತುವುದು ತಪ್ಪಿದರೆ ಒಳಗೆ ಸಣ್ಣ ಗಾಡಿಯೇ ಸಾಕು, ಒಂದು ಚಾರ್ಜ್ ದಿನದ ಕೆಲಸಕ್ಕೆ ಬರುತ್ತದೆ.

ಮಾಲೀಕರಿಗೆ ಇದನ್ನು ಮಾತಿನಲ್ಲಿ ಹೇಳಲಿಲ್ಲ. ಅವರನ್ನು ಇಳಕಲ್ಲಿಗೆ ಕರೆದುಕೊಂಡು ಹೋಗಿ ಅದೇ ಜಾಗದಲ್ಲಿ ನಿಲ್ಲಿಸಿದೆ. ಅವರು ಒಂದಾದ ಮೇಲೊಂದು ಕಲ್ಲು ಬದಲಿಯಾಗುವುದನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಎರಡೆರಡು ಸಲ ಎತ್ತಿಳಿಸಿದರೆ ಹೊತ್ತು ಹೆಚ್ಚು ಹಿಡಿಯುವುದಿಲ್ಲವೇ ಎಂದು ಕೇಳಿದರು. ಹಿಡಿಯುತ್ತದೆ ಎಂದೆ. ಚೀಲ ಒಡೆಯುವ ಸಂಭವವೂ ಹೆಚ್ಚು ಎಂದೆ. ಇರುವ ಕೊರತೆಯನ್ನು ಮುಚ್ಚಿಟ್ಟು ಒಪ್ಪಿಸಲು ನನಗೆ ಮನಸ್ಸಿರಲಿಲ್ಲ. ಅವರು ಪಕ್ಕದಲ್ಲಿ ನಿಂತಿದ್ದ ಚಾಲಕನ ಕಡೆ ತಿರುಗಿದರು.

"ಸಣ್ಣ ಗಾಡಿ ನಡಸ್ತೀಯೇನೋ? ಮಾನ ಹೋಗತೈತಿ ಅಂದಿದ್ದಿಯಂತ."

ಆತ ನೆಲ ನೋಡಿದ. "ಮಾನ ಹೊರಗ ಇಟ್ಟ ಬರ್ತೇನ್ರಿ ಸಾವ್ಕಾರ್ರ," ಎಂದ. "ಅದಕ್ಕೂ ಒಳಗ ಕೆಲಸಿಲ್ಲ."

ಮಾಲೀಕರು ಜೋರಾಗಿ ನಕ್ಕರು. ಹುಣಸೆ ಕೋಣೆಯ ಘಟನೆಯ ನಂತರ ಅವರು ನಕ್ಕದ್ದನ್ನು ನಾನು ಮೊದಲ ಸಲ ಕೇಳಿದೆ.

ಆಮೇಲಿನದು ಕೆಲಸ. ಕಟ್ಟೆಯ ನೆಲಕ್ಕೆ ಹೊಸದಾಗಿ ಕಾಂಕ್ರೀಟ್ ಹಾಕಿಸಿ ನುಣುಪು ಮಾಡಿಸಿದೆವು. ಕಟ್ಟೆಯ ನಡುವೆ ಅಗಲವಾದ ಹಳದಿ ಗೆರೆ ಎಳೆಸಿದೆವು. ಎಂಜಿನ್ ಇರುವ ಯಾವುದೂ ಗೆರೆ ದಾಟುವಂತಿಲ್ಲ, ಮಾಲೀಕರ ಮೋಟಾರ್ ಸೈಕಲ್ ಕೂಡ. ಕಾಯುವಾಗ ಎಂಜಿನ್ ಆರಿಸಬೇಕು. ಹಳೆಯ ಚೀಲಗಳನ್ನು ಇಡುತ್ತಿದ್ದ, ಎತ್ತರದಲ್ಲಿ ಕಿಟಕಿಯಿರುವ ಮೂಲೆ ಕೋಣೆಯನ್ನು ಖಾಲಿ ಮಾಡಿ ಚಾರ್ಜ್ ಕೋಣೆ ಮಾಡಿದೆವು. ಬೀಡಿ ಸೇದುವವರು ಅತ್ತ ಸುಳಿಯದಂತೆ ಬಾಗಿಲಿಗೆ ಕೆಂಪು ಬಣ್ಣ ಬಳಿದೆವು. ಹೆಂಗಸರ ಹಿರಿಯಾಕೆ ತನ್ನದೂ ಒಂದು ಷರತ್ತು ಹೇಳಿದಳು: ಆ ಕೂಗುವ ಮೀಟರ್ ಒಳಗೆ ಕಾಯಂ ತೂಗಬೇಕು, ಅದನ್ನು ಓದುವುದನ್ನು ತನಗೂ ಕಲಿಸಬೇಕು. ಎರಡನ್ನೂ ಒಪ್ಪಿದೆವು. ತಂದಿದ್ದನ್ನು ಹಿಂದಿರುಗಿಸಿ ನಮ್ಮದೇ ಮೀಟರ್ ತರಿಸಿದೆವು.

ಹುಬ್ಬಳ್ಳಿಯ ತಂತ್ರಜ್ಞ ಮತ್ತೆ ಬಂದ, ಈ ಸಲ ಸಣ್ಣ ಗಾಡಿಯೊಂದಿಗೆ. ವೈದ್ಯರ ಒಪ್ಪಿಗೆ ಪಡೆದು ಚಾಲಕನೂ ಬಂದ. ಮೊದಲ ದಿನ ಕೋಣೆಯ ಬಾಗಿಲಲ್ಲಿ ಆತ ಗಾಡಿ ನಿಲ್ಲಿಸಿ ಸುಮ್ಮನೆ ಕೂತುಬಿಟ್ಟ. ನನಗೂ ಆ ಬಾಗಿಲು ದಾಟುವಾಗ ಹಾಗೆಯೇ ಆಗುತ್ತಿತ್ತು, ಈಗಲೂ ಆಗುತ್ತದೆ. ಹಿರಿಯಾಕೆ ಒಳಗಿನಿಂದ ಪರದೆ ಸರಿಸಿ, ಮೀಟರಿನ ಕಡೆ ಒಮ್ಮೆ ನೋಡಿ, ಬಾ ಎಂಬಂತೆ ಕೈ ಬೀಸಿದಳು. ಆತ ಒಳಗೆ ಹೋದ.

ಕೆಲಸ ಹದಕ್ಕೆ ಬರಲು ಕೆಲವು ದಿನ ಹಿಡಿಯಿತು. ಕಟ್ಟೆಯ ಮೇಲೆ ಹಲಗೆಗಳು ಗುಂಪುಗೂಡಿ ದಾರಿ ಕಟ್ಟುತ್ತಿದ್ದವು. ಒಂದು ಸಂಜೆ ಚಾರ್ಜಿಗೆ ಹಚ್ಚುವುದನ್ನೇ ಮರೆತು ಮರುದಿನ ಅರ್ಧ ದಿನ ಕೈಯಿಂದಲೇ ಒಟ್ಟಬೇಕಾಯಿತು. ಗಾಡಿಗೆ ಸದ್ದೇ ಇಲ್ಲದ್ದು ಇನ್ನೊಂದು ತೊಂದರೆ. "ಹೇಳದ ಕೇಳದ ಬಂದು ಬೆನ್ನ ಹಿಂದ ನಿಂದರ್ತಿಯಲ್ಲೋ ತಮ್ಮಾ, ಕಳ್ಳನಂಗ," ಎಂದು ಹಿರಿಯಾಕೆ ಬೈದ ಮೇಲೆ, ಆತ ಪ್ರತಿ ತಿರುವಿನಲ್ಲೂ 'ಬಂದೆ ಯಕ್ಕಾ, ಬಂದೆ' ಎಂದು ಕೂಗುತ್ತಾ ಬರತೊಡಗಿದ. ಗಾಡಿಗೆ ಹಾರ್ನ್ ಇದೆ. ಅದನ್ನು ಆತ ಒತ್ತಿದ್ದು ನಾನು ಕಂಡಿಲ್ಲ.

ಸಂಕ್ರಾಂತಿಯ ನಂತರ ಮರೋಳದ ಕಡೆಯಿಂದ ಮೆಣಸಿನಕಾಯಿಯ ಮೊದಲ ಲಾರಿ ಬಂತು. ಗ್ಯಾಸ್ ಗಾಡಿ ಹೊಸ ಚಾಲಕನೊಬ್ಬನ ಕೈಯಲ್ಲಿ ಅಂಗಳದಲ್ಲಿ, ಬ್ಯಾಟರಿ ಗಾಡಿ ಒಳಗೆ, ನಡುವೆ ಹಳದಿ ಗೆರೆ. ಮಧ್ಯಾಹ್ನದ ಹೊತ್ತಿಗೆ ನಾನು ಕಚೇರಿಯಲ್ಲಿದ್ದೆ. ಒಳಗಿನಿಂದ ಒಮ್ಮೆಲೇ ಕೆಮ್ಮು ಕೇಳಿತು, ಒಬ್ಬರದಲ್ಲ, ಎಲ್ಲರದೂ. ಕುರ್ಚಿ ಹಿಂದಕ್ಕೆ ಬಿದ್ದದ್ದು ಗೊತ್ತಾಯಿತು, ಓಡಿದ್ದು ಗೊತ್ತಾಗಲಿಲ್ಲ. ಪರದೆ ಸರಿಸಿದಾಗ ಮೊದಲು ನೋಡಿದ್ದು ಚಾಲಕನ ತಲೆಯನ್ನು. ನೆಟ್ಟಗಿತ್ತು. ಟವೆಲಿನಲ್ಲಿ ಮೂಗು ಮುಚ್ಚಿಕೊಂಡು ಬಗ್ಗಿ ಕೆಮ್ಮುತ್ತಿದ್ದ. ಮೀಟರ್ ನೋಡಿದೆ, ಸೊನ್ನೆ. ನಂಬಲಾಗದೆ ಹತ್ತಿರ ಹೋಗಿ ನೋಡಿದೆ, ಸೊನ್ನೆಯೇ. ಅವನ ಗಾಡಿಯ ಮುಂದೆ ಚೀಲವೊಂದು ಉದ್ದಕ್ಕೆ ಹರಿದು, ಕೆಂಪು ಕಾಯಿ ನೆಲದ ತುಂಬ ಚೆಲ್ಲಿತ್ತು.

ಹಿರಿಯಾಕೆಯ ಎರಡೂ ಕಣ್ಣಿಂದ ನೀರು ಹರಿಯುತ್ತಿತ್ತು. ಸೆರಗಿನಿಂದ ಒರೆಸಿಕೊಂಡು, ನನ್ನ ಮುಖ ನೋಡಿ, ಕೆಮ್ಮಿನ ನಡುವೆಯೇ ನಗುತ್ತಾ ಹೇಳಿದಳು:

"ಅಂಜಬ್ಯಾಡ್ರಿ ಮ್ಯಾನೇಜರ್ರ. ಇದು ಖರೇನ ಮೆಣಸಿನಕಾಯಿದು."

ನಾನು ಬಾಗಿಲು ಹಾಕಿದೆ, ಒಳಗೆ ನಿಂತೇ. ಆಮೇಲೆ ಎಲ್ಲರ ಜೊತೆ ಕೆಮ್ಮಿದೆ.